ಕತ್ತು ಬಗ್ಗಿಸಿ ನಿಲ್ಲುತ್ತಿದ್ದ ಸದಣ್ಣ

ಸದಣ್ಣ ಕೆಲಸಕ್ಕೆ ನಿಂತರೆ ಕತ್ತೆತ್ತುತ್ತಿರಲಿಲ್ಲ. ಎಗ್ಮೋರಿನ ನಮ್ಮ ಹೋಟೆಲಿನ ಕ್ಲಬ್ಬಿಗೆ ಬರುವ ಹೊಸಬರೆಲ್ಲ, ಈ ಡಿಜೆಗೆ ಭಾರಿ ಜಂಬ, ಯಾರ ಮುಖವನ್ನೂ ನೋಡುವುದಿಲ್ಲ ಅಂದುಕೊಳ್ಳುತ್ತಿದ್ದರು. ಮುಖ ನೋಡುತ್ತಿರಲಿಲ್ಲ, ನಿಜ. ಅವರು ನೋಡುತ್ತಿದ್ದದ್ದು ಕಾಲು. ಕುಣಿಯುವವರ ಕಾಲು, ಗೋಡೆಗೆ ಒರಗಿ ನಿಂತವರ ಕಾಲು, ಮೇಜಿನ ಕೆಳಗೆ ಯಾರಿಗೂ ಗೊತ್ತಾಗದ ಹಾಗೆ ತಾಳ ಹಾಕುವ ಕಾಲು. ಅದಕ್ಕೇ ತಮ್ಮ ಮೇಜನ್ನು ಫ್ಲೋರಿನ ಮೂಲೆಯಲ್ಲಿ, ಜನ ಕುಣಿಯುವ ಮಟ್ಟದಲ್ಲೇ ಹಾಕಿಸಿಕೊಂಡಿದ್ದರು.

"ಮುಖ ಸುಳ್ಳು ಹೇಳ್ತದೆ ಮಾರಾಯ" ಅನ್ನುತ್ತಿದ್ದರು. "ಹುಟ್ಟುಹಬ್ಬ ಅಂತ ಕರ್ಕೊಂಡು ಬಂದಿರ್ತಾರೆ, ಪಾಪ, ನಗದೆ ಎಂತ ಮಾಡೂದು? ಕಾಲಿಗೆ ಆ ಮರ್ಯಾದೆ ಎಲ್ಲ ಗೊತ್ತಿಲ್ಲ."

ನಾನು ಗಿರೀಶ, ಅಲ್ಲಿ ಲೈಟ್ ಹಾಕುವವನು. ಅಪ್ಪ ರೈಲ್ವೆಯಲ್ಲಿದ್ದರು. ಊರು ಅರಸೀಕೆರೆ ಅಂತ ಹೇಳಿಕೊಳ್ಳುವುದೇ ಹೊರತು ನಾನು ಹುಟ್ಟಿ ಬೆಳೆದದ್ದೆಲ್ಲ ಈ ಚೆನ್ನೈಯಲ್ಲೇ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಸದಾನಂದ ಅನ್ನುವ ಈ ಸದಣ್ಣ ಕುಂದಾಪುರದ ಕಡೆಯವರು. ಅವರ ತಂದೆ ತ್ರಿಪ್ಲಿಕೇನಿನ ಒಂದು ಊಟದ ಹೋಟೆಲಿನಲ್ಲಿ ಬಡಿಸುತ್ತಿದ್ದರಂತೆ. ಮಗ ಡಿಜೆ ಆಗಿದ್ದು ಆ ಮನುಷ್ಯನಿಗೆ ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ, ಆದರೆ ಮಗ ಕಸುಬು ಕಲಿತದ್ದು ಅಪ್ಪನಿಂದಲೇ.

"ಅಪ್ಪ ಯಾರನ್ನೂ ಸಾರು ಬೇಕಾ ಅಂತ ಕೇಳಿದವರಲ್ಲ. ಎಲೆ ನೋಡಿದ್ರೆ ಸಾಕು. ಅನ್ನದಲ್ಲಿ ಗುಂಡಿ ಮಾಡಿ ಕೂತಿದ್ದಾನಾ, ಸಾರಿಗೆ ಕಾಯ್ತಿದ್ದಾನೆ. ಬದಿಗೆ ಸರಿಸಿದ್ದಾನಾ, ಸಾಕಾಗಿದೆ, ಮಜ್ಜಿಗೆ ತಾ. ನಂದೂ ಅದೇ ಕೆಲಸ, ಅಷ್ಟೇ."

ಫೋನ್ ಎತ್ತಿ ಹಿಡಿದು ಈ ಹಾಡು ಹಾಕಿ, ಆ ಹಾಡು ಹಾಕಿ ಅಂತ ಬರುವವರನ್ನು ಕಂಡರೆ ಮಾತ್ರ ಸದಣ್ಣನಿಗೆ ಪಿತ್ತ ನೆತ್ತಿಗೇರುತ್ತಿತ್ತು. "ಹಾಕುವಾ, ನೀವು ಮೊದ್ಲು ಕುಣೀರಿ" ಅಂತ ಹಲ್ಲು ಕಚ್ಚಿ ಹೇಳಿ ಕಳಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ ನಮ್ಮಲ್ಲಿ ಒಂದು ಪಾರ್ಟಿ ನಡೆಯುತ್ತಿತ್ತು. ಒಮ್ಮೆ ಯಾವುದೋ ಬ್ಯಾಂಕಿನ ಆರು ಹೆಂಗಸರು ಬಂದರು. ಒಬ್ಬರಿಗೆ ನಿವೃತ್ತಿ, ಅದರ ಸಂತೋಷಕ್ಕೆ. ರೇಷ್ಮೆ ಸೀರೆ ಉಟ್ಟು, ಹ್ಯಾಂಡ್ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು, ಡಾಕ್ಟರ ಷಾಪಿನಲ್ಲಿ ಕೂತ ಹಾಗೆ ಕೂತರು. ಫ್ಲೋರಿನಲ್ಲಿ ಕಾಲೇಜು ಹುಡುಗರು ಮೈಮೇಲೆ ಬಂದವರ ಹಾಗೆ ಕುಪ್ಪಳಿಸುತ್ತಿದ್ದರು. ನಾನಾಗಿದ್ದರೆ ಆ ಹೆಂಗಸರನ್ನು ಬಿಟ್ಟುಬಿಡುತ್ತಿದ್ದೆ. ಸದಣ್ಣ ಬಿಡಲಿಲ್ಲ. ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಒಂದು ಹಾಡಿನ ತಾಳದೊಳಗೆ ಇನ್ನೊಂದನ್ನು ಸೇರಿಸುತ್ತಾ, ವೇಗವನ್ನು ಚೂರು ಚೂರೇ ಇಳಿಸುತ್ತಾ ಹೋದರು. ಹುಡುಗರಿಗೆ ಗೊತ್ತೇ ಆಗಲಿಲ್ಲ. ಮುಕ್ಕಾಲು ಗಂಟೆಯ ಹೊತ್ತಿಗೆ ತಾಳ ಆ ಹೆಂಗಸರ ಪ್ರಾಯದ ಕಾಲಕ್ಕೆ ಬಂದು ನಿಂತಿತ್ತು. ಮೊದಲು ಒಬ್ಬರು ಎದ್ದರು, ಆಮೇಲೆ ಉಳಿದವರು.

"ಬ್ಯಾಗ್ ಕುರ್ಚಿ ಮೇಲೆ ಇಟ್ರು ನೋಡಿದ್ಯಾ?" ಅಂದರು ಸದಣ್ಣ. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡದ್ದು ಕಡಿಮೆ.

ಇನ್ನೊಂದು ಅಭ್ಯಾಸ ಇತ್ತು. ನಲವತ್ತು ನಿಮಿಷಕ್ಕೊಮ್ಮೆ ಬೇಕೆಂದೇ ಯಾರೂ ಕುಣಿಯಲಾಗದಂಥದ್ದನ್ನು ಹಾಕಿ ಫ್ಲೋರ್ ಖಾಲಿ ಮಾಡಿಸುತ್ತಿದ್ದರು. "ನೀರು ಕುಡೀಲಿ. ಮನುಷ್ಯರಲ್ವಾ? ಅವರಾಗಿ ನಿಲ್ಸೂದಿಲ್ಲ, ನಾವು ನಿಲ್ಲಿಸ್ಬೇಕು."

ಈ ಮನುಷ್ಯನನ್ನು ಹಳೇ ಕಾಲದವನು ಅಂತ ಹೇಳಿ ಆ ಮೇಜಿನಿಂದ ತೆಗೆದರಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಹಳೇ ಕಾಲವಂತೆ! ಕ್ಯಾಸೆಟ್, ಸಿಡಿ, ಲ್ಯಾಪ್‌ಟಾಪ್, ಎಲ್ಲವನ್ನೂ ಎಲ್ಲರಿಗಿಂತ ಮೊದಲು ಕಲಿತವರು ಅವರು. ಗುಂಡಿ ಒತ್ತಿದರೆ ಎರಡು ಹಾಡಿನ ತಾಳ ತಾನಾಗಿ ಕೂಡುವ ಸವಲತ್ತು ಬಂದಾಗ "ಒಳ್ಳೇದಾಯ್ತು, ಇನ್ನು ಎರಡು ಕಣ್ಣೂ ಫ್ಲೋರಿನ ಮೇಲೇ ಇಡಬಹುದು" ಅಂದಿದ್ದರು.

ಹೊಸ ಮ್ಯಾನೇಜರ್ ಬಂದ. ಅವನಿಗೆ ಕ್ಲಬ್ ಅಂದರೆ ಫೋನಿನಲ್ಲಿ ಚೆನ್ನಾಗಿ ಕಾಣಬೇಕು, ಮುಗಿಯಿತು. ಮೂಲೆಯ ಮೇಜು ಎತ್ತಿಸಿದ. ಆಳೆತ್ತರದ ವೇದಿಕೆ ಕಟ್ಟಿಸಿದ, ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಮೇಲೆ ನಿಂತವನ ಮುಖಕ್ಕೇ ಹೊಡೆಯುವ ಬೆಳಕು. ಅಲ್ಲಿ ನಿಲ್ಲುವುದಕ್ಕೆ ಒಬ್ಬ ಚೆಂದದ ಯುವಕನನ್ನು ತಂದ. ಅವನ ರೀಲ್ಸನ್ನು ಲಕ್ಷಾಂತರ ಜನ ನೋಡುತ್ತಾರಂತೆ. ನೋಡಲಿ ಬಿಡಿ. ಆದರೆ ಅವನಿಗೆ ಎರಡು ಹಾಡು ಸೇರಿಸಲೂ ಬರುತ್ತಿರಲಿಲ್ಲ. ಹಾಗಾಗಿ ತೊಂಬತ್ತು ನಿಮಿಷದ ಸಂಗೀತವನ್ನು ಸದಣ್ಣ ಮೊದಲೇ ಮಾಡಿಕೊಡಬೇಕು, ಲೈಟು, ಹೊಗೆ ಎಲ್ಲವನ್ನೂ ನಾನು ಅದಕ್ಕೆ ಸೆಕೆಂಡಿನ ಲೆಕ್ಕದಲ್ಲಿ ಹೊಂದಿಸಬೇಕು, ಯುವಕ ಮೇಲೆ ನಿಂತು ಗುಂಡಿ ತಿರುಗಿಸಿದ ಹಾಗೆ ನಟಿಸಿ ಕೈ ಎತ್ತಬೇಕು. ಥೂ! ಇದಕ್ಕೊಂದು ಕಸುಬು ಅಂತ ಹೆಸರು ಬೇರೆ.

ಸದಣ್ಣ ಮಾಡಿಕೊಟ್ಟರು. ಎರಡು ಕಡೆ ಜನ ನೀರು ಕುಡಿಯಲು ಬಿಡುವು ಇಟ್ಟಿದ್ದರು. ಮ್ಯಾನೇಜರ್ ಕೂತು ಕೇಳಿ, "ಗ್ಯಾಪ್ ವೇಣ್ಡಾಂ ಸಾರ್", ಬಿಡುವು ಬೇಡ, ಅಂತ ಎರಡನ್ನೂ ತೆಗೆಸಿದ. ಸದಣ್ಣ ಅವನಿಗೆ ಕೈಮುಗಿದು ಹೇಳಿದರು, ಆಮೇಲೆ ಜೋರುದನಿಯಲ್ಲೂ ಹೇಳಿದರು. ಏನೂ ಪ್ರಯೋಜನವಾಗಲಿಲ್ಲ. ಅವರಿಗೆ ಹೋಟೆಲಿನ ಹೆಸರಿದ್ದ ಟೀಷರ್ಟ್ ಕೊಟ್ಟು ಬಾಗಿಲ ಬಳಿ ಬಂದವರನ್ನು ಸ್ವಾಗತಿಸುವ ಕೆಲಸಕ್ಕೆ ಹಾಕಿದರು.

ಮೊದಲ ಭಾನುವಾರ ಸದಣ್ಣ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟು: "ಗಿರಿ, ಮೇಲಿದ್ದವನ ಕಣ್ಣಿಗೆ ಬೆಳಕು ಹೊಡೀತದೆ, ಅವನಿಗೆ ಎಂತದೂ ಕಾಣೂದಿಲ್ಲ. ನಿನ್ನ ಮೇಜು ಫ್ಲೋರಿಗೆ ಎದುರು ಉಂಟು. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಅಲ್ಲಿಂದ್ಲೇ ಎಲ್ಲ ನಿಲ್ಸಿಬಿಡು. ಯಾರನ್ನೂ ಕೇಳ್ಬೇಡ."

"ಆಯ್ತಣ್ಣ, ಅದಕ್ಕೇನಂತೆ" ಅಂದೆ.

ಮೂರನೇ ಭಾನುವಾರ ಹಾಲ್ ಹಿಡಿಸುವುದಕ್ಕಿಂತ ದುಪ್ಪಟ್ಟು ಜನ. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳು, ಏಸಿ ಹಾಕಿದ್ದರೂ ಬೆವರು. ಒಂದು ಗಂಟೆ ಬಿಡುವಿಲ್ಲದೆ ಕುಣಿದಿದ್ದರು. ಹಳದಿ ಕುರ್ತಾ ತೊಟ್ಟ ಒಬ್ಬ ಹುಡುಗಿ ಫ್ಲೋರಿನ ಮಧ್ಯೆ ಕುಸಿದು ಬಿದ್ದಳು. ಅಷ್ಟರಲ್ಲಿ ಬಿಳಿ ಹೊಗೆ ಭುಸ್ಸೆಂದು ಎದ್ದು ಎಲ್ಲವನ್ನೂ ಮುಚ್ಚಿತು. ಜನ ಹೋ ಅಂತ ಕೂಗಿ ಇನ್ನಷ್ಟು ಕುಪ್ಪಳಿಸಿದರು, ಅವಳ ಸುತ್ತಲೇ. ಬಾಗಿಲ ಬಳಿಯಿಂದ ಸದಣ್ಣ ಜನರನ್ನು ತಳ್ಳಿಕೊಂಡು, "ನಿಲ್ಸಿ! ನಿಲ್ಸ್ರೋ!" ಅಂತ ಕೂಗುತ್ತಾ ಓಡಿಬಂದರು. ಯಾರಿಗೂ ಕೇಳಲಿಲ್ಲ. ವೇದಿಕೆಯ ಪಕ್ಕ ಹೋಗಿ ದಪ್ಪ ವೈರನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತುಬಿಟ್ಟರು.

ಸಂಗೀತ ನಿಂತಿತು, ಪರದೆ ಕಪ್ಪಾಯಿತು. ಆ ಯುವಕ ಮಾತ್ರ ಇನ್ನೂ ಒಂದು ಕೈ ಮೇಲೆತ್ತಿ, ಇನ್ನೊಂದರಲ್ಲಿ ಗುಂಡಿ ತಿರುಗಿಸುತ್ತಲೇ ಇದ್ದ. ನೂರು ಫೋನುಗಳು ಅದನ್ನು ಹಿಡಿದುಕೊಂಡವು. ಸದಣ್ಣ ಹುಡುಗಿಯ ಕಾಲ ಬಳಿ ಕೂತು, ಜನರನ್ನು ದೂರ ಸರಿಸಿ, ಮುಖಕ್ಕೆ ನೀರು ಹಾಕುತ್ತಿದ್ದರು. ಅವಳಿಗೆ ಎಚ್ಚರ ಬಂತು, ಆಸ್ಪತ್ರೆಗೂ ಕಳಿಸಿದರು. ಅದರ ವಿಡಿಯೊ ಯಾರೂ ಮಾಡಲಿಲ್ಲ. ಊರೆಲ್ಲ ಓಡಾಡಿದ್ದು ಆ ಯುವಕನ ಕೈ ಮಾತ್ರ.

ಹೋಟೆಲಿನ ಮಾನ ಹೋಯಿತು. ತಪ್ಪು ಯಾರದ್ದಾದರೂ ಆಗಬೇಕಲ್ಲ? ಸದಣ್ಣನದು ಅಂತಾಯಿತು. ತನ್ನ ಜಾಗ ಹೋದ ಹೊಟ್ಟೆಕಿಚ್ಚಿಗೆ ವೈರ್ ಕಿತ್ತ, ಗಲಾಟೆಯಾದ ಮೇಲೆ ಹುಡುಗಿ ಬಿದ್ದಳು, ಅವಳದು ನೆಪ ಅಂತ ಕಥೆ ಕಟ್ಟಿದರು. ಆ ಬೆಳಕಿನಲ್ಲಿ, ಆ ಹೊಗೆಯಲ್ಲಿ, ಅವಳು ಬಿದ್ದದ್ದು ಮೊದಲೋ ವೈರ್ ಕಿತ್ತದ್ದು ಮೊದಲೋ ಅಂತ ಹೇಳಬಲ್ಲವನು ಒಬ್ಬನೇ, ಎದುರಿಗೆ ಕೂತಿದ್ದ ನಾನು. ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿ, ಟೈಪ್ ಮಾಡಿಸಿದ್ದ ಕಾಗದವನ್ನು ಮುಂದಿಟ್ಟ. "ಚುಮ್ಮಾ ಒರು ಕೈಯೆಳುತ್ತುದಾನೆ" ಅಂದ, ಒಂದು ಸಹಿ ತಾನೆ ಅನ್ನುವಷ್ಟು ಹಗುರವಾಗಿ. ನಾನು ಲೈಟಿನ ಕಡೆ ಗಮನ ಇಟ್ಟಿದ್ದೆ, ಯಾರೂ ಬಿದ್ದದ್ದು ನನಗೆ ಕಾಣಲಿಲ್ಲ ಅಂತ ಅದರಲ್ಲಿತ್ತು. ಸಹಿ ಹಾಕಿದೆ. ಸದಣ್ಣನನ್ನು ಅಂದೇ ಕಳಿಸಿದರು. ಹೊಟ್ಟೆಕಿಚ್ಚಿಗೆ ವೈರ್ ಕೀಳುವವನು ಅಂತ ಹೆಸರಾದ ಡಿಜೆಯನ್ನು ಬೇರೆ ಹೋಟೆಲುಗಳಾದರೂ ಯಾಕೆ ಕರೆಯುತ್ತವೆ?

ನಾಲ್ಕು ತಿಂಗಳಾದ ಮೇಲೆ ಪುರಸೈವಾಕ್ಕಂನಲ್ಲಿ, ಅವರ ಭಾವನ ಪಾತ್ರೆ ಅಂಗಡಿ ಹುಡುಕಿಕೊಂಡು ಹೋದೆ. ಸದಣ್ಣ ಕುಕ್ಕರುಗಳನ್ನು ಒರೆಸಿ ಜೋಡಿಸುತ್ತಿದ್ದರು. ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿದರು. ನಾನು ಶುರು ಮಾಡಿದೆ. ಮ್ಯಾನೇಜರನ ವಂಶ ಜಾಲಾಡಿದೆ, ಆ ಯುವಕನನ್ನು ಬೈದೆ, ಫೋನ್ ಹಿಡಿದವರನ್ನೆಲ್ಲ ಬೈದೆ. ಸಪ್ಲೈಯರ್ ತಿರುಗಿ ನೋಡುವಷ್ಟು ಜೋರಾಗಿ ಬೈದೆ. ಸದಣ್ಣ ಪೂರ್ತಿ ಕೇಳಿದರು.

"ಗಿರಿ, ಒಂದು ಕೇಳ್ತೇನೆ" ಅಂದರು. "ನಿಂಗೆ ನಿಜವಾಗಿ ಕಾಣಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಅವರೆದುರು ಆಗಲಿಲ್ಲ.

"ಕಂಡಿತಣ್ಣ. ನಿಮಗಿಂತ ಮೊದ್ಲೇ ಕಂಡಿತ್ತು."

"ಮತ್ತೆ ಯಾಕೆ ನಿಲ್ಸಲಿಲ್ಲ?"

"ಹೊಗೆ ಬರೋದಕ್ಕೆ ಹತ್ತು ಸೆಕೆಂಡ್ ಇತ್ತು. ಎರಡು ವಾರ ಕೂತು ಹೊಂದಿಸಿದ್ದೆ ಅದನ್ನ. ಅದೊಂದು ಬಂದು ಹೋಗಲಿ ಅಂತ..."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಸರಿ" ಅಂದರು ಸದಣ್ಣ. "ಈಗ ನಂಗೆ ಹೇಳಿದ್ಯಲ್ಲ, ಅದನ್ನೇ ಒಂದು ಕಾಗದದಲ್ಲಿ ಬರ್ದು ಹೋಟೆಲಿಗೆ ಕೊಡು. ಮೊದ್ಲು ಹುಡುಗಿ ಬಿದ್ಲು, ಆಮೇಲೆ ಸದಾನಂದ ವೈರ್ ಕಿತ್ತ ಅಂತ. ಬೇರೆ ಎಂತದೂ ಬೇಡ. ನಂಗೆ ಐವತ್ತೆರಡು ವರ್ಷ ಗಿರಿ. ಈ ಹೆಸರು ಇಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

"ಕೆಲಸ ಹೋಗುತ್ತಣ್ಣ" ಅಂದೆ.

ಅವರು ಕಾಫಿಯನ್ನು ಹಾಗೇ ಬಿಟ್ಟು ಎದ್ದು ಅಂಗಡಿಗೆ ಹೋದರು. ಮತ್ತೊಮ್ಮೆ ಹೋದಾಗ ಅವರ ಭಾವ, ಸದಾನಂದ ಕೊಯಮತ್ತೂರಿಗೆ ಹೋದ, ಯಾವಾಗ ಬರುತ್ತಾನೋ ಗೊತ್ತಿಲ್ಲ ಅಂದರು. ನನ್ನ ಫೋನನ್ನು ಸದಣ್ಣ ಎತ್ತುವುದಿಲ್ಲ.

ಇಲ್ಲಿ ಎಲ್ಲವನ್ನೂ ಬರೆದಿದ್ದೇನೆ. ಹೋಟೆಲಿಗೆ ಇನ್ನೂ ಬರೆದುಕೊಟ್ಟಿಲ್ಲ.