ಹಚ್ಚುವ ಉಂಡೆ

ನಮ್ಮ ಬೀದಿಯ ಇಸ್ತ್ರಿಯವನ ಅಂಗಡಿಗೆ ಬಾಗಿಲಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಉಳಿಯುವ ತ್ರಿಕೋನದ ಜಾಗವೇ ಅವನ ಅಂಗಡಿ. ಎತ್ತರವಿರುವ ಕಡೆ ಮೇಜು ಹಾಕಿಕೊಂಡು, ಇಳಿಜಾರಿನ ಕಡೆ ಬಟ್ಟೆಯ ಗಂಟುಗಳನ್ನು ತುರುಕಿದ್ದಾನೆ. ಆಳು ಎತ್ತರ. ವರ್ಷಗಟ್ಟಲೆ ತಲೆ ತಗ್ಗಿಸಿ ನಿಂತು ಕತ್ತು ಎಡಕ್ಕೆ ಸ್ವಲ್ಪ ವಾಲಿಬಿಟ್ಟಿದೆ. ಹಾಗಾಗಿ ಯಾರು ಏನು ಹೇಳಿದರೂ ಬಹಳ ಆಸಕ್ತಿಯಿಂದ ಕೇಳಿಸಿಕೊಳ್ಳುತ್ತಿರುವವನಂತೆ ಕಾಣುತ್ತಾನೆ. ಅದನ್ನು ನಂಬಿ ಬೀದಿಯ ಜನ ತಮ್ಮ ಮನೆಯ ರಾಮಾಯಣವನ್ನೆಲ್ಲ ಅವನ ಮುಂದೆ ಬಿಚ್ಚುತ್ತಾರೆ.

ಅವನದು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಕರೆಂಟಿನದೂ ಒಂದಿದೆ, ಬಾಮೈದ ಕೊಡಿಸಿದ್ದು. ಅದನ್ನು ಒಂದೇ ಒಂದು ಸಲ ಬಳಸಿದ. ಮೆಟ್ಟಿಲ ಕೆಳಗೆ ಬರುವ ತಂತಿ ಒಂದು ಬಲ್ಬಿಗೆಂದು ಎಳೆದದ್ದು. ಪೆಟ್ಟಿಗೆ ಕಾಯುವ ಮೊದಲೇ ಇಡೀ ಕಟ್ಟಡದ ಫ್ಯೂಸು ಹೋಯಿತು. ಮೊದಲ ಮಹಡಿಯಲ್ಲಿ ಟೀಚರಮ್ಮನ ಧಾರಾವಾಹಿಯಲ್ಲಿ ಕೊಲೆಗಾರ ಯಾರೆಂದು ಗೊತ್ತಾಗುವ ಹೊತ್ತು ಅದು. ಆ ಕೊಲೆಗಾರ ಯಾರೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಟೀಚರಮ್ಮ ಕಟ್ಟಡದ ಒಡತಿ. ಶಾಲೆಯಲ್ಲಿ ಭಾಷೆ ಮತ್ತು ವ್ಯಾಕರಣ ಕಲಿಸಿ ನಿವೃತ್ತರಾದವರು. ಮಂಡಿ ನೋವು ಬಿಟ್ಟರೆ ಗಟ್ಟಿಮುಟ್ಟು. ಅವರಿಗೂ ಇಸ್ತ್ರಿಯವನಿಗೂ ಜಗಳ ಹುಟ್ಟಿದ್ದು ಹೊಗೆಯಿಂದ. ಇದ್ದಿಲು ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಲ್ಲ. ಅದು ಕೆಂಡವಾಗುವವರೆಗೆ ಅಡಿಯಲ್ಲಿ ಬೇರೇನಾದರೂ ಉರಿಯುತ್ತಿರಬೇಕು. ಇಸ್ತ್ರಿಯವನು ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ ಇಟ್ಟು ಹಚ್ಚುತ್ತಿದ್ದ. ಬಿಸಿ ಗಾಳಿ ಮೇಲಕ್ಕೇ ಹೋಗುವುದು, ಮೆಟ್ಟಿಲ ಸಂದು ಅದಕ್ಕೆ ಒಳ್ಳೆಯ ಚಿಮಣಿ. ಕಪ್ಪು ಹೊಗೆ ಒಂದು ಸುತ್ತು ತಿರುಗಿ, ಹೇಳಿಕೊಟ್ಟಂತೆ ನೇರವಾಗಿ ಟೀಚರಮ್ಮನ ಬಾಗಿಲೊಳಗೆ ನುಗ್ಗುತ್ತಿತ್ತು.

ಕೊನೆಗೆ ಟೀಚರಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು ಮೇಜಿನ ಮುಂದೆ ನಿಂತರು.

“ನೋಡಪ್ಪ, ಈ ತಿಂಗಳು ಮುಗಿಯೋದರೊಳಗೆ ಹೊಗೆ ನಿಲ್ಲಬೇಕು. ನಿಲ್ಲದಿದ್ದರೆ ನೀನು ಬೇರೆ ಮೆಟ್ಟಿಲು ನೋಡ್ಕೋ.”

ಬೇರೆ ಮೆಟ್ಟಿಲು ಎಲ್ಲಿದೆ? ಬೀದಿಯ ಉಳಿದ ಮೆಟ್ಟಿಲುಗಳ ಕೆಳಗೆಲ್ಲ ಸೈಕಲ್ಲು, ನೀರಿನ ಪಂಪು, ಬೀದಿ ನಾಯಿಯ ಸಂಸಾರ. ಈ ತ್ರಿಕೋನ ಹೋದರೆ ಅವನ ಕಸುಬೇ ಹೋದಂತೆ.

ಅವನು ಯೋಚನೆಗೆ ಬಿದ್ದ. ಸೀಮೆಎಣ್ಣೆ ಇಲ್ಲದೆ, ಹೊಗೆಯಿಲ್ಲದೆ, ಕೆಂಡ ಕಟ್ಟುವವರೆಗೆ ನಿಧಾನವಾಗಿ ಉರಿಯುವ ವಸ್ತು ಬೇಕು. ಅಂಥದ್ದು ಮನೆಯ ಕಸದಲ್ಲೇ ಇರಬಹುದೆಂದು ಹೊಳೆದಿದ್ದು ಅವನ ಹೆಂಡತಿಗೆ. ಕರೆಂಟು ಹೋದಾಗ ಮೇಣದ ಬತ್ತಿ ಬಗ್ಗಿ ಪಕ್ಕದ ಮೊಟ್ಟೆಯ ಟ್ರೇ ಮೇಲೆ ಮೇಣ ಸುರಿದಿತ್ತಂತೆ. ಮಾರನೆಯ ದಿನ ಆ ರಟ್ಟನ್ನು ಒಲೆಗೆ ಎಸೆದರೆ ಎಷ್ಟು ಹೊತ್ತಾದರೂ ಆರಲೇ ಇಲ್ಲವಂತೆ. ಅಲ್ಲಿಂದ ಅವರ ಅಡುಗೆಮನೆ ಪ್ರಯೋಗಶಾಲೆಯಾಯಿತು. ಬ್ಯೂಟಿ ಪಾರ್ಲರಿನಾಕೆ ಪುದೀನದ ವಾಸನೆಯ ಮೇಣದ ಬತ್ತಿಯ ಮೋಟುಗಳನ್ನು ಕೊಟ್ಟಳು. ಬಡಗಿ ಮರದ ಹೊಟ್ಟು ಕೊಟ್ಟ. ಮೂರನೆಯ ವಸ್ತು ಇಸ್ತ್ರಿಯವನ ಬಳಿಯೇ ಇತ್ತು: ಒಗೆದ ಬಟ್ಟೆಯ ಜೇಬಿನ ಮೂಲೆಯಲ್ಲಿ ಸೇರಿಕೊಂಡಿರುವ ನೂಲಿನ ಧೂಳು. ಇಸ್ತ್ರಿ ಹಾಕುವ ಮೊದಲು ಜೇಬನ್ನು ಹೊರಕ್ಕೆ ಎಳೆದು ಕೊಡವುವುದು ಅವನ ಪದ್ಧತಿ. ಆ ಧೂಳಿಗೂ ಒಂದು ಉಪಯೋಗವಿದೆಯೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಣವನ್ನು ನೇರವಾಗಿ ಉರಿಯ ಮೇಲಿಟ್ಟರೆ ಅದೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದರು. ಟ್ರೇಯ ಗುಳಿಗಳಲ್ಲಿ ಹೊಟ್ಟು ಮತ್ತು ನೂಲು ತುಂಬಿ ಮೇಲೆ ಮೇಣ ಸುರಿದರು. ಗಟ್ಟಿಯಾದ ಮೇಲೆ ಗುಳಿಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದರೆ ಒಂದೊಂದೂ ಒಂದು ಉಂಡೆ. ಮೊದಲ ಸಲ ನೈಲಾನ್ ಧೂಳು ಸೇರಿಕೊಂಡು ಸೀಮೆಎಣ್ಣೆಯೇ ವಾಸಿ ಅನ್ನಿಸುವ ನಾತ ಬಂತು. ಆಮೇಲೆ ಬರೀ ಹತ್ತಿಯದನ್ನು ಆರಿಸಿದರು. ಎರಡನೆಯ ಸಲ ಒತ್ತಿ ಒತ್ತಿ ತುಂಬಿದ್ದರಿಂದ ಒಳಗೆ ಗಾಳಿಯಾಡದೆ ಉಂಡೆ ಮುನಿಸಿಕೊಂಡು ಆರಿಹೋಯಿತು.

“ನಿಮ್ಮಕ್ಕನ ಥರಾನೇ,” ಎಂದಳು ಹೆಂಡತಿ. “ಹಚ್ಚಿದರೂ ಹತ್ತಲ್ಲ, ಬಿಟ್ಟರೆ ಹೊಗೆಯಾಡುತ್ತೆ.”

ಕೊನೆಗೆ ಸಡಿಲವಾಗಿ ತುಂಬಿ, ರಟ್ಟಿನ ಒಂದು ಅಂಚನ್ನು ಬತ್ತಿಯಂತೆ ಮೇಣ ತಾಗಿಸದೆ ಬಿಟ್ಟಾಗ ಕೆಲಸ ಸರಿಹೋಯಿತು. ಒಂದು ಕಡ್ಡಿ ಗೀರಿ ಅಂಚಿಗೆ ಹಿಡಿದರೆ ಸಾಕು, ಇದ್ದಿಲು ಕೆಂಪಾಗುವವರೆಗೂ ಉಂಡೆ ಶಾಂತವಾಗಿ ಉರಿಯುತ್ತಿತ್ತು. ಹೊಗೆ ಎಂದರೆ ಊದುಬತ್ತಿಯಷ್ಟು.

ಗೆದ್ದವನ ಉತ್ಸಾಹದಲ್ಲಿ ಇಸ್ತ್ರಿಯವನು ಟೀಚರಮ್ಮನಿಗೂ ಕೆಲವು ಉಂಡೆ ಕಳಿಸಿದ. ಅವರ ಕೋಣೆಯಲ್ಲೂ ಚಳಿಗೆಂದು ಒಂದು ಪುಟ್ಟ ಇದ್ದಿಲ ಒಲೆ ಇತ್ತು. ಅವರೇ ಹಚ್ಚಿ ನೋಡಿದರೆ ತಾನು ವಾದಿಸುವುದೇ ಬೇಡ ಎಂಬುದು ಅವನ ಲೆಕ್ಕ. ಮನೆಯಲ್ಲಿ ಖಾಲಿ ಇದ್ದದ್ದು ನೋವಿನ ಮುಲಾಮಿನ ದೊಡ್ಡ ಡಬ್ಬಿ ಒಂದೇ. ಅದನ್ನು ತೊಳೆದು, ಉಂಡೆಗಳನ್ನು ತುಂಬಿ, ಹೆಂಡತಿಯ ಕೈಯಲ್ಲಿ ಮೇಲಕ್ಕೆ ಕಳಿಸಿದ. ಆಕೆ ಹೇಳಿದ್ದು ಇಷ್ಟೇ: “ಬೆಳಿಗ್ಗೆ ಒಂದು ಹಚ್ಚಬೇಕಂತೆ ಅಮ್ಮ. ಚಳಿ ಹತ್ತಿರ ಸುಳಿಯಲ್ಲವಂತೆ.”

ಆಮೇಲೆ ಮೇಲಿನಿಂದ ಸುದ್ದಿಯೇ ಇಲ್ಲ. ಕೆಳಗೆ ಹೊಗೆ ನಿಂತಿತ್ತು. ಆದರೂ ಬೆಳಿಗ್ಗೆ ಮೇಲಿನಿಂದ ಕೆಮ್ಮು ಕೇಳುತ್ತಲೇ ಇತ್ತು. ತಿಂಗಳು ಮುಗಿಯುತ್ತ ಬಂತು. ಅವನು ಕಾಲರು ಮಡಿಚುವುದನ್ನು ಬಿಟ್ಟು ಮೇಲೆ ನೋಡುವುದು, ಮತ್ತೆ ಕಾಲರು ಮಡಿಚುವುದು.

ಒಂದು ಬೆಳಿಗ್ಗೆ ಟೀಚರಮ್ಮ ಕಂಬಿ ಹಿಡಿಯದೆಯೇ ಇಳಿದು ಬಂದರು. ಮುಖದಲ್ಲಿ ನಗು ಇತ್ತು.

“ನಿನ್ನ ಉಂಡೆ ಚೆನ್ನಾಗಿದೆ ಕಣಪ್ಪ.”

“ಚೆನ್ನಾಗಿ ಹತ್ತುತ್ತಾ ಅಮ್ಮ?”

“ಹತ್ತೋದು ಸ್ವಲ್ಪ ನಿಧಾನ. ಗಟ್ಟಿ ಅಲ್ವಾ? ಒಲೆ ಹತ್ತಿರ ಹಿಡಿದರೆ ಮೆತ್ತಗಾಗಿ ಚೆನ್ನಾಗಿ ಹತ್ತುತ್ತೆ. ಎಡಗಡೇದು ಆಗಲೇ ವಾಸಿ. ಬಲಗಡೆಗೆ ಈಗ ಹೋಗಿ ಇನ್ನೊಂದು ಹಚ್ತೀನಿ.” ಮೆಟ್ಟಿಲ ಕಡೆ ತಿರುಗಿದವರು ಒಂದು ಕ್ಷಣ ನಿಂತರು. “ಆದರೆ ಹೊಗೆ ಮಾತ್ರ ನಿಂತಿಲ್ಲ. ಅದನ್ನ ಮರೀಬೇಡ. ತಿಂಗಳು ಮುಗಿಯುತ್ತಾ ಬಂತು.”

ಇಸ್ತ್ರಿಯವನು ತಲೆ ವಾಲಿಸಿಕೊಂಡು ನಿಂತೇ ಇದ್ದ. ಒಲೆಗೆ ಎಡಗಡೆ ಎಂದರೇನು, ಬಲಗಡೆ ಎಂದರೇನು? ವಾಸಿಯಾಗುವುದು ಯಾವ ಒಲೆ? ಅಂಗಿಯ ತೋಳೊಂದು ಮುಗಿಯುವ ಹೊತ್ತಿಗೆ ಮುಲಾಮಿನ ಡಬ್ಬಿ ನೆನಪಾಯಿತು. ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟು (ಅದನ್ನು ಮಾತ್ರ ಅವನು ಯಾವ ಗಾಬರಿಯಲ್ಲೂ ಮರೆಯುವವನಲ್ಲ) ಹೆಂಡತಿಯನ್ನು ಕೂಗಿ ಕರೆದು ಮೆಟ್ಟಿಲೇರಿದ.

ಹತ್ತುವಾಗ ಎರಡು ಯೋಚನೆ ಜೊತೆಜೊತೆಗೆ ಓಡಿದವು. ಸುಮ್ಮನಿದ್ದರೆ ಟೀಚರಮ್ಮನ ಕಣ್ಣಿಗೆ ತಾನು ವೈದ್ಯ, ಮೆಟ್ಟಿಲ ಕೆಳಗಿನ ಜಾಗ ಉಳಿದರೂ ಉಳಿಯಬಹುದು. ನಿಜ ಹೇಳಿದರೆ, ಮಂಡಿಗೆ ಕಸ ಬಳಿಸಿದವನಿಗೆ ಯಾರು ಜಾಗ ಕೊಡುತ್ತಾರೆ? ಆದರೆ ಸುಮ್ಮನಿರುವ ಹಾಗಿರಲಿಲ್ಲ. ಆ ಉಂಡೆ ಎಷ್ಟು ಹೊತ್ತು ಉರಿಯುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ತೆರೆದಿತ್ತು. ಕೋಣೆಯ ತುಂಬ ಹೊಗೆ. ಟೀಚರಮ್ಮ ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತು, ಒಲೆಗೆ ತುರುಕಿದ ಹಳೆಯ ಪೇಪರನ್ನು ಕೆಮ್ಮುತ್ತ ಊದುತ್ತಿದ್ದರು. ಎರಡೂ ಮಂಡಿ ಮೇಣದಿಂದ ಮಿರಮಿರ ಮಿಂಚುತ್ತಿದ್ದವು. ಇಸ್ತ್ರಿಯವನು ಥಟ್ಟನೆ ಗೋಡೆಯ ಕಡೆ ತಿರುಗಿ ನಿಂತ.

“ಅಮ್ಮ, ಮೊದಲು ಸ್ಟೂಲು ಹಿಂದಕ್ಕೆ ಎಳ್ಕೊಳ್ಳಿ.”

ಅವರು ಎಳೆದುಕೊಂಡರು. ಅವನು ಗೋಡೆಯ ಕ್ಯಾಲೆಂಡರಿಗೆ ಹೇಳಿದ: “ಅದು ಕಾಲಿಗೆ ಹಚ್ಚೋದಲ್ಲ. ಬೆಂಕಿ ಹಚ್ಚೋದು. ಒಲೆಗೆ.”

ಹೆಂಡತಿ ಬಿಸಿನೀರಿನ ಬಟ್ಟೆ ತಂದು ಮಂಡಿ ಒರೆಸತೊಡಗಿದಳು.

“ಅದರಲ್ಲಿ ಕಂದು ಬಣ್ಣದ್ದು ಇತ್ತಲ್ಲ, ಅದು ಬೇರಿನ ಪುಡಿ ಅಲ್ವಾ?” ಟೀಚರಮ್ಮ ಕೇಳಿದರು.

“ಬಡಗಿ ಕೊಟ್ಟ ಹೊಟ್ಟು.”

“ಆ ನಾರು ನಾರು?”

“ಜೇಬಿನ ಧೂಳು.”

“ಯಾರ ಜೇಬಿಂದು?”

“ಎಲ್ಲರದೂ ಅಮ್ಮ. ನಮ್ಮ ಬೀದೀದೇ.”

ಟೀಚರಮ್ಮ ತಮ್ಮ ಮಂಡಿಯನ್ನು ನೋಡಿಕೊಂಡರು. ಎದುರು ಮನೆಯವನ ಜೊತೆ ಅವರಿಗೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. “ಆ ಎದುರು ಮನೆಯವನದೂ?” ಎಂದರು. ಇಸ್ತ್ರಿಯವನು ಹೌದೆಂದು ತಲೆಯಾಡಿಸಿದ. ಅವನ ಬೆನ್ನ ಹಿಂದೆ ವಿಚಿತ್ರವಾದ ಸದ್ದು ಕೇಳಿಸಿತು. ಅಳುತ್ತಿದ್ದಾರೆಂದು ಹೆದರಿ ತಿರುಗಿದರೆ, ಟೀಚರಮ್ಮ ನಗು ತಡೆಯಲಾರದೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

“ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ,” ಎಂದರು ಉಸಿರು ಸುಧಾರಿಸಿಕೊಂಡು. “ಚತುರ್ಥಿ ವಿಭಕ್ತೀದು. ‘ಹಚ್ಚು’ ಅಂದರೆ ಸಾಲದು. ಎಲ್ಲಿಗೆ? ಕಾಲಿಗೋ, ಒಲೆಗೋ? ಆ ‘ಗೆ’ ಒಂದು ಬಿಟ್ಟರೆ ಹೀಗೇ, ಮನುಷ್ಯರಿಗೇ ಬೆಂಕಿ.”

ಡಬ್ಬಿಯಲ್ಲಿ ಒಂದೇ ಉಂಡೆ ಉಳಿದಿತ್ತು. ಟೀಚರಮ್ಮ ಅದನ್ನು ಅವನ ಕೈಗೆ ಕೊಟ್ಟರು. ಅವನು ಒಲೆಯಿಂದ ಪೇಪರನ್ನು ತೆಗೆದು, ಉಂಡೆಯಿಟ್ಟು, ಸುತ್ತ ಇದ್ದಿಲನ್ನು ಗೂಡಿನಂತೆ ಜೋಡಿಸಿ ಅಂಚಿಗೆ ಕಡ್ಡಿ ತಾಗಿಸಿದ. ಸಣ್ಣ ಹಳದಿ ಉರಿ ಎದ್ದಿತು. ಕಿಟಕಿ ತೆರೆದಿದ್ದರಿಂದ ಕೋಣೆಯ ಹೊಗೆ ಮೆಲ್ಲಗೆ ಕರಗುತ್ತ ಹೋಯಿತು. ಇದ್ದಿಲಿನ ಅಂಚು ಕೆಂಪಾಗುವ ಹೊತ್ತಿಗೆ ಅಲ್ಲಿ ಉಳಿದದ್ದು ಪುದೀನದ ವಾಸನೆ ಮಾತ್ರ.

ಟೀಚರಮ್ಮ ಒಲೆ ನೋಡಿದರು, ಸೂರು ನೋಡಿದರು, ಮೆಟ್ಟಿಲ ಕಡೆ ನೋಡಿದರು. “ಹಾಗಾದರೆ ಇಷ್ಟು ದಿನ ನಾನು ಬೈದಿದ್ದು ನನ್ನ ಹೊಗೆಗೇನಾ?”

ಇಸ್ತ್ರಿಯವನಿಗೆ ಆ ಕ್ಷಣಕ್ಕೆ ಡಬ್ಬಿಯ ಮುಚ್ಚಳ ಒರೆಸುವುದು ತುಂಬ ಮುಖ್ಯವಾದ ಕೆಲಸವಾಯಿತು. ಹೆಂಡತಿಯೇ ಉತ್ತರಿಸಿದಳು: “ಮೊದಲು ಇವರದೇ ಇತ್ತು ಅಮ್ಮ. ಈಚೀಚೆಗೆ ನಿಮ್ಮದು.”

ಜಾಗ ಬಿಡುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಖಾಲಿ ಡಬ್ಬಿ ಕೆಳಗೆ ಬರುತ್ತದೆ, ತುಂಬಿ ಮೇಲಕ್ಕೆ ಹೋಗುತ್ತದೆ. ಅದರ ಮೇಲೆ ಟೀಚರಮ್ಮನ ದುಂಡು ಅಕ್ಷರದಲ್ಲಿ ‘ಒಲೆಗೆ ಹಚ್ಚುವುದು’ ಎಂಬ ಚೀಟಿ ಇದೆ, ‘ಗೆ’ ಅಡಿಯಲ್ಲಿ ಎರಡು ಗೆರೆ. ಎಡಮಂಡಿ ವಾಸಿಯಾದದ್ದು ಉಂಡೆಯಿಂದಲೇ ಎಂದು ಅವರು ಈಗಲೂ ವಾದಿಸುತ್ತಾರೆ. ಬಿಸಿಯೂ ತಿಕ್ಕಿದ್ದೂ ಕಾರಣವಾಗಿರಬೇಕು. ಅದನ್ನು ಅವರಿಗೆ ಹೇಳಿ ಫಲವಿಲ್ಲ.

ಈಗ ಅವರು ಬೆಳಗಿನ ಹೊತ್ತು ಕೆಳಗಿಳಿದು ಬಂದು, ಬಟ್ಟೆಯ ಗಂಟಿನ ಮೇಲೆ ಕೂತು ಜೇಬುಗಳನ್ನು ಹೊರಕ್ಕೆ ಎಳೆದು ಕೊಡವಿಕೊಡುತ್ತಾರೆ. ಎದುರು ಮನೆಯವನ ಅಂಗಿ ಬಂದರೆ ಸ್ವಲ್ಪ ಜೋರಾಗಿ.

“ಟೀಚರಮ್ಮ ನಿಮ್ಮನ್ನ ಹಚ್ಚಿಕೊಂಡುಬಿಟ್ಟಿದ್ದಾರೆ ಕಣ್ರೀ,” ಎಂದಳು ಹೆಂಡತಿ ಒಂದು ದಿನ.

ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಸ್ಟ್ಯಾಂಡಿನ ಮೇಲಿಟ್ಟ. “ಎಲ್ಲಿಗೆ ಅಂತ ಸರಿಯಾಗಿ ಹೇಳೇ,” ಎಂದ.