ಭಾವನ ಮಿಣಮಿಣ ತಗಡುಗಳು

ನನ್ನ ಗಂಡನ ಅಣ್ಣನಿಗೆ ಮೀನಿನ ವಾಸನೆ ಆಗದು. ತಿನ್ನುವುದಂತೂ ದೂರದ ಮಾತು. ಆದರೂ ಮೂರು ವರ್ಷದ ಹಿಂದೆ ಬೋಟು ಕೊಂಡು, ಬೇಸಿಗೆಯ ಶನಿವಾರಗಳಲ್ಲಿ ಈ ಪರದೇಶದ ಪೋರ್ಟ್ ಕ್ರೆಡಿಟ್ ಬಂದರಿನಿಂದ ಸರೋವರಕ್ಕಿಳಿದು ಸಾಲ್ಮನ್ ಹಿಡಿಯಲು ಹೊರಟರು. ಹಿಡಿದು ಏನು ಮಾಡುತ್ತಾರೆ? ಫೋಟೊ ತೆಗೆಸಿಕೊಳ್ಳುತ್ತಾರೆ.

ನನ್ನ ಗಂಡ ಜೊತೆಗಾರ. ನನ್ನನ್ನು ಕರೆದೊಯ್ಯುತ್ತಿದ್ದುದು ನಾನು ಮಲ್ಪೆಯವಳು, ಮೀನು ಸೀಳಲು ಗೊತ್ತು ಎಂಬ ಒಂದೇ ಕಾರಣಕ್ಕೆ. ಅಣ್ಣತಮ್ಮಂದಿರಿಬ್ಬರೂ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿಕೊಂಡರು. ನನಗೂ ಬೇಕು ಎಂದಾಗ ಭಾವ ನಕ್ಕರು. "ನಿಂಗ್ಯಾಕಮ್ಮ ಲೈಸೆನ್ಸು? ನೀನ್ ಕ್ಲೀನ್ ಮಾಡೋದು ತಾನೆ." ಗಂಡನೂ ಜೊತೆಗೆ ನಕ್ಕ. ಲೈಸೆನ್ಸ್ ಇಲ್ಲದವರು ಇಲ್ಲಿ ಗಾಳದ ರಾಡ್ ಹಿಡಿಯುವಂತಿಲ್ಲ. ಅಪ್ಪನ ದೋಣಿಯಲ್ಲಿ ಕೂತು ಅಂಜಲ್ ಮೀನಿಗೆ ಗಾಳ ಎಳೆದ ಈ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎರಡು ಬೇಸಿಗೆ ಸುಮ್ಮನೆ ಕೂತೆ.

ಬೋಟು ನಿಧಾನ ಸಾಗುವಾಗ ದಾರದಲ್ಲಿ ಗಾಳಕ್ಕಿಂತ ಮುಂದೆ ಒಂದು ಹೊಳೆಯುವ ತಗಡು ತಿರುಗುತ್ತಾ ಬರುತ್ತದೆ. ಫ್ಲಾಶರ್ ಅನ್ನುತ್ತಾರೆ. ಅದರ ಮಿಂಚು ಕಂಡು ಮೀನು ಹತ್ತಿರ ಬರಬೇಕು. ಭಾವ ಅವನ್ನು ಆರಿಸುತ್ತಿದ್ದುದು ಯೂಟ್ಯೂಬ್ ನೋಡಿ. ದೇಶದ ಆ ತುದಿಯ ಬ್ರಿಟಿಷ್ ಕೊಲಂಬಿಯಾದಲ್ಲಿ ಯಾರೋ ಕೊಕನಿ ಎಂಬ ಪುಟ್ಟ ಸಾಲ್ಮನ್ ಹಿಡಿಯುವ ವಿಡಿಯೊಗಳು. ನಮ್ಮ ಸರೋವರದಲ್ಲಿ ಕೊಕನಿಯೇ ಇಲ್ಲ. ಆದರೂ ಗುಲಾಬಿ, ಬಂಗಾರ, ಚಮ್ಕಿ ಅಂಟಿಸಿದ್ದು ಎಲ್ಲವೂ ಬಂದವು. ಅಂಗಡಿಯ ಲೈಟಿನಲ್ಲಿ ಹಿಡಿದು, ಮದುವೆಗೆ ಸೀರೆ ಆರಿಸುವ ಹಾಗೆ ಆರಿಸುತ್ತಿದ್ದರು. "ಬಿಸಿಲಿದ್ದ ದಿನ ಮಂಕು ಬಣ್ಣದ್ದು ಹಾಕಬೇಕು ಭಾವ, ಮೋಡ ಉಂಟಾದ್ರೆ ಹೊಳೆಯುವುದು" ಎಂದೆ. "ನಿಮ್ಮೂರ್ ಸಮುದ್ರ ಅಲ್ಲಮ್ಮ ಇದು" ಎಂದು ಬಾಯಿ ಮುಚ್ಚಿಸಿದರು.

ಮೊದಲ ಬೇಸಿಗೆಯ ಶುರುವಿಗೆ ಒಂದು ಮೀನು ಸಿಕ್ಕಿತ್ತು. ಆಮೇಲೆ ಒಂದೂ ಇಲ್ಲ. ಕಾರಣ ನನಗೆ ತಿಳಿದದ್ದು ಎರಡನೇ ಬೇಸಿಗೆಯ ಕೊನೆಗೆ, ಮೆಡೋವೇಲ್‌ನ ಭಾವನ ಮನೆಗೆ ಊಟಕ್ಕೆ ಹೋದಾಗ. ಬೇಸ್‌ಮೆಂಟಿನ ಸಿಂಕಿನಲ್ಲಿ ಭಾವ ತಗಡುಗಳನ್ನೂ ಗಾಳಗಳನ್ನೂ ನಿಂಬೆ ವಾಸನೆಯ ಪಾತ್ರೆ ಸೋಪಿನಲ್ಲಿ ತಿಕ್ಕುತ್ತಿದ್ದರು. ಆ ಮೊದಲ ಮೀನು ಸಿಕ್ಕ ದಿನದಿಂದ ಪ್ರತಿ ಶನಿವಾರ ಹೀಗೇ ಅಂತೆ. "ದೇವರಿರೋ ಮನೆ, ಮೀನಿನ ವಾಸನೆ ಬರಬಾರದಲ್ಲ" ಎಂದರು. ನನ್ನ ಅಪ್ಪ ಗಾಳ ಮುಟ್ಟುವ ಮೊದಲು ಮರಳಿನಲ್ಲಿ ಕೈ ಉಜ್ಜುತ್ತಿದ್ದರು, ಸೋಪು ಮುಟ್ಟಿದ ಕೈಯನ್ನು ದೋಣಿಗೇ ಸೇರಿಸುತ್ತಿರಲಿಲ್ಲ, ಆ ವಾಸನೆಗೆ ಮೀನು ದೂರ ಸರಿಯುತ್ತದೆ ಎಂದು. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಹೌದು, ಬೇಕೆಂದೇ.

ಮರುವರ್ಷ ಯಾರಿಗೂ ಹೇಳದೆ ನನ್ನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿದೆ. ಅಂಗಡಿಯ ಹಳೆ ಸಾಮಾನಿನ ಡಬ್ಬಿಯಿಂದ ಒಂದು ಗಾಳವನ್ನೂ ಬಣ್ಣ ಮಾಸಿದ ಹಸಿರು ತಗಡೊಂದನ್ನೂ ಆರಿಸಿಕೊಂಡೆ. ಜುಲೈಯ ಆ ಶನಿವಾರ ಕಣ್ಣು ಕುಕ್ಕುವ ಬಿಸಿಲು. ದಡದ ಮರಳಿನಲ್ಲಿ ಕೈ ಉಜ್ಜಿ ಬೋಟು ಹತ್ತಿದೆ. ಲೈಸೆನ್ಸ್ ತೋರಿಸಿ, ಬೋಟಿನ ಒಂದು ರಾಡಿಗೆ ನನ್ನ ಗಾಳ, ತಗಡು ಕಟ್ಟಿ ದಾರ ಬಿಟ್ಟೆ. "ತುಕ್ಕು ಹಿಡಿದಿರೋದಕ್ಕೆ ಯಾವ್ ಮೀನ್ ಬರುತ್ತೆ?" ಎಂದರು ಭಾವ. ಅವರ ದಾರದಲ್ಲಿ ಗುಲಾಬಿ ಚಮ್ಕಿ.

ಒಂದು ಗಂಟೆಯೂ ಆಗಿರಲಿಲ್ಲ, ನನ್ನ ರಾಡ್ ನೀರಿನ ಕಡೆ ಬಾಗಿತು. ಎರಡೂ ಕೈಯಲ್ಲಿ ಹಿಡಿದೆ. ಭಾವ ಧಾವಿಸಿ ಬಂದು ರಾಡಿಗೆ ಕೈ ಹಾಕಿದರು. "ಕೊಡಮ್ಮ, ನಿನ್ ಕೈಲಿ ಆಗಲ್ಲ!"

"ಅಣ್ಣಂಗೆ ಕೊಡೇ, ತಪ್ಪಿಸ್ಕೊಳತ್ತೆ" ಎಂದ ಗಂಡ.

ಆ ಮಾತಿಗೆ ಉರಿದಷ್ಟು ನಾನು ಯಾವತ್ತೂ ಉರಿದಿಲ್ಲ. "ಕೈ ತೆಗೀರಿ ಭಾವ" ಎಂದೆ. ತೆಗೆಯಲಿಲ್ಲ. ಮೊಣಕೈಯಿಂದ ಅವರ ಎದೆಗೆ ತಿವಿದೆ. ತೆಗೆದರು. ತೋಳು ಸೋತು ಹೋಗುವಷ್ಟು ಹೊತ್ತು ಎಳೆದಾಡಿದ ಮೇಲೆ ಮೀನು ಬೋಟಿಗೆ ಬಂತು, ನನ್ನ ತೊಡೆಯುದ್ದದ ಸಾಲ್ಮನ್.

ಭಾವ ಆಗಲೇ ಮುಖ ಒರೆಸಿಕೊಂಡು, ತಮ್ಮ ಗುಲಾಬಿ ತಗಡನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. "ಇಲ್ಲಿ ಕೊಡು, ಇದರ ಜೊತೆ ಒಂದ್ ಫೋಟೊ. ಬೋಟು ನಂದಲ್ವಾ?"

"ಬೋಟು ನಿಮ್ಮದೇ. ಮೀನು ಹಿಡಿದದ್ದು ನಾನು, ಕೊಡುದಿಲ್ಲ."

ದಡ ಸೇರುವವರೆಗೂ ಮೀನನ್ನು ನನ್ನ ಕಾಲ ಬಳಿಯೇ ಇಟ್ಟುಕೊಂಡೆ. ಮನೆಗೆ ಬಂದು ಕೊತ್ತಂಬರಿ, ಹುಣಸೆ ಅರೆದು ಸಾರು ಮಾಡಿದೆ. ಅಣ್ಣನ ಬಳಿ ಕ್ಷಮೆ ಕೇಳು ಎನ್ನುತ್ತಲೇ ಗಂಡ ಎರಡು ಸಲ ಬಡಿಸಿಕೊಂಡ. ನಾನು ಕೇಳಲಿಲ್ಲ, ಕೇಳುವುದೂ ಇಲ್ಲ.

ಆಮೇಲೆ ಆ ಬೋಟಿಗೆ ನನ್ನನ್ನು ಕರೆದಿಲ್ಲ. ಗಂಡ ಈಗಲೂ ಹೋಗುತ್ತಾನೆ, ಬರಿಗೈಯಲ್ಲಿ ಬರುತ್ತಾನೆ. ಇನ್ನೂ ಹೊಳೆಯುವ ತಗಡು ತರಿಸಿದ್ದಾರಂತೆ ಭಾವ, ಮುಂದಿನ ವಾರ ಖಂಡಿತ ಸಿಗುತ್ತದಂತೆ. ನಾನು ಅವನ ಕೈ ಹಿಡಿದು ಮೂಸುತ್ತೇನೆ. ನಿಂಬೆ ವಾಸನೆ. ಸೋಪಿನ ವಿಷಯ ಇವತ್ತಿನವರೆಗೂ ಅವರಿಬ್ಬರಿಗೂ ಹೇಳಿಲ್ಲ.