ಅಮ್ಮ ಮತ್ತೆ ಹೆಡತಲೆಗೆ ಹೋದದ್ದು

ಡಿಸೆಂಬರಿನ ಒಂದು ಬೆಳಿಗ್ಗೆ ಏಳೂವರೆಗೆ ಅಮ್ಮ ಮತ್ತು ನಾನು ತಿ. ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿದೆವು. ಆಧಾರ್ ಕಾರ್ಡ್ ತೋರಿಸಿದ್ದರಿಂದ ಇಬ್ಬರಿಗೂ ಟಿಕೆಟ್ಟಿಗೆ ದುಡ್ಡಿಲ್ಲ. ಹೆಡತಲೆಯ ಶಾಲೆಯಲ್ಲಿ ಅಂದು ಮಹದೇವಸ್ವಾಮಿಯವರ ಫೋಟೊ ಇಡುವವರಿದ್ದರು. ಅವರು ಅಮ್ಮನ ಮೊದಲ ಗಂಡ, ಹೆಡತಲೆಯವರೇ. ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದರು. ಎಪ್ಪತ್ತೊಂದರಲ್ಲಿ ಮದುವೆಯಾದ ಹತ್ತೊಂಬತ್ತನೇ ದಿನಕ್ಕೆ ತಂತಿ ಬಂದು ಹೊರಟವರು, ಯುದ್ಧದಲ್ಲಿ ವಿಮಾನ ನಿಲ್ದಾಣದ ಮೇಲೆ ಬಾಂಬು ಬಿದ್ದಾಗ ತೀರಿಕೊಂಡರು. ಅವರಿಗೆ ಇಪ್ಪತ್ತೆರಡು, ಅಮ್ಮನಿಗೆ ಹದಿನೆಂಟು. ನಾಲ್ಕು ವರ್ಷದ ಮೇಲೆ ಅಮ್ಮ ನನ್ನ ತಂದೆಯನ್ನು ಮದುವೆಯಾಗಿ ಹೆಮ್ಮಿಗೆಗೆ ಬಂದಳು. ಆಮೇಲೆ ಹೆಡತಲೆಗೆ ಕಾಲಿಟ್ಟಿರಲಿಲ್ಲ.

ದಾರಿಯುದ್ದಕ್ಕೂ ಗದ್ದೆಗಳ ಮೇಲೆ ಮಂಜು. "ಇನ್ನೊಂದು ಮನೆ ಸೇರ್ದೋಳು ನಾನು. ಯಾವ ಮಕ ಇಟ್ಕಂಡು ಓಗ್ಲಿ?" ಎಂದಳು ಅಮ್ಮ. ನಂಜನಗೂಡಿನ ಹೋಟೆಲಿನಲ್ಲಿ ಒಂದು ಇಡ್ಲಿಯನ್ನೂ ಮುಗಿಸದೆ, "ವಾಪಸ್ ಓಗೋಣ ಕಣೇ" ಎಂದಳು. ನಾನು ಆಟೊ ಕರೆದೆ. ಮುನ್ನೂರೈವತ್ತು ಕೇಳಿದವನು ಮುನ್ನೂರಕ್ಕೆ ಒಪ್ಪಿದ.

ಶಾಲೆಯ ಗೇಟಿನಲ್ಲಿ ಮಹದೇವಸ್ವಾಮಿಯವರ ತಂಗಿ ಗೌರಮ್ಮ ಕಾಯುತ್ತಿದ್ದರು. ಫೋನ್ ಮಾಡಿ ನಮ್ಮನ್ನು ಕರೆದವರೂ ಅವರೇ. ಅಮ್ಮ ಇಳಿಯಲು ಹಿಂಜರಿದಾಗ ಕೈಹಿಡಿದು ಇಳಿಸಿಕೊಂಡರು.

"ಬಾ ಅತ್ಗೆ. ಐವತ್ತು ವರ್ಸ ಆಯ್ತು ನಿನ್ ಮಕ ನೋಡಿ."

ಅಮ್ಮ ಅಲ್ಲೇ ನಿಂತು ಕೇಳಿದಳು: "ನಿಮ್ಮಪ್ಪಂಗೆ ನನ್ ಮ್ಯಾಲೆ ಬೇಜಾರಿತ್ತಾ ಗೌರಿ?"

"ಬೇಜಾರಾ? ನಮ್ಮಪ್ಪನೇ ನಿಮ್ಮಪ್ಪನ ಅತ್ರ ಓಗಿ, 'ನಮ್ಮುಡ್ಗಿ ಇಂಗೇ ಕೂರ್ಬಾರ್ದು, ಗಂಡು ನೋಡಿ' ಅಂದದ್ದು! ಓಡಿಸ್ಬುಟ್ರು ಅಂದ್ಕತೀಯ ಅಂತ ನಿಂಗೆ ಯೋಳ್ಲಿಲ್ಲ ಅಷ್ಟೇ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿ ಒಳಗೆ ನಡೆದಳು.

ಹಾರ ಹಾಕಲು ಹೆಡ್‌ಮಾಸ್ಟರು ಗೌರಮ್ಮನವರನ್ನು ಕರೆದರು. ಅವರು ಅಮ್ಮನನ್ನು ಮುಂದಕ್ಕೆ ತಂದು ನಿಲ್ಲಿಸಿದರು. "ಇವರು ಯಾರು ಅಂತ ಹೇಳಲಮ್ಮ?" ಎಂದು ಮೈಕು ಹಿಡಿದಿದ್ದ ಮೇಷ್ಟ್ರು ಕೇಳಿದರು. ಗೌರಮ್ಮ ಬಾಯಿ ತೆರೆಯುವ ಮೊದಲೇ ಅಮ್ಮ ಅಂದಳು:

"ನಾನು ಅವರ ಎಂಡ್ತಿ."

ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಎದ್ದೆ. ಅಮ್ಮನ ಬಗ್ಗೆ ನನಗೆ ಅಂಥ ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಮಧ್ಯಾಹ್ನ ಗೌರಮ್ಮನ ಮನೆಯಲ್ಲಿ ಮುದ್ದೆ, ಅವರೆಕಾಯಿ ಸಾರು. ಹೊರಡುವಾಗ ಅವರು ತವರಿನ ಮಗಳಿಗೆ ಮಾಡುವ ಹಾಗೆ ಅಕ್ಕಿ, ಬೆಲ್ಲ, ಸೀರೆ ಇಟ್ಟು ಅಮ್ಮನ ಮಡಿಲು ತುಂಬಿದರು.

ಶಾಲೆಯ ಮುಂದೆ ಬಂದಾಗ ಅಮ್ಮ ಆಟೊ ನಿಲ್ಲಿಸಿದಳು. ಜಗಲಿಯ ಗೋಡೆಯ ಮೇಲೆ ಫೋಟೊ ಕಾಣುತ್ತಿತ್ತು. ಬಹಳ ಹೊತ್ತು ನೋಡಿದಳು.

"ಎಷ್ಟು ಚಿಕ್ಕುಡ್ಗ ನೋಡೇ. ನಿನ್ ಮಗನಷ್ಟೇ ವಯಸ್ಸು," ಎಂದಳು. "ಅಷ್ಟು ವಯಸ್ಸಿಗೇ ದೇಸಕ್ಕೆ ಎಂಥಾ ಕೆಲ್ಸ ಮಾಡವ್ನೆ!"